ಸ್ನಾಯು ಪಾಠ ಕೈಯಿಂದ ಕಲಿಯುವುದು ಹೇಗೆ: ಜೋಳದ ಸೂಡಿನಿಂದ ಸಾರ್ಕೊಮಿಯರ್‌ವರೆಗೆ

ಕಲಬುರಗಿಯಲ್ಲಿ ಪಿಯು ಮತ್ತು ನರ್ಸಿಂಗ್ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ವರ್ಷ ಈ ಪಾಠ ಬಂದಾಗ ಒಂದೇ ಮಾತು ಕೇಳಿಬರುತ್ತದೆ: "ಸರ್, ಮೂರು ಥರ ಸ್ನಾಯು ಬರ್ತಾವ್ರಿ, ಒಳಗಿನ ರಚನಾ ತೆಗಿಲಾಕ ಬರಲ್ರಿ." ಬೀದರ್, ಯಾದಗಿರಿ ಕಡೆಯ ಮಕ್ಕಳೂ ಇದನ್ನೇ ಕೇಳುತ್ತಾರೆ. ಹಾಗಾಗಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಬರದೇ ಇರುವುದಕ್ಕೆ ಕಾರಣ ಬುದ್ಧಿ ಕಡಿಮೆ ಅಂತಲ್ಲ. ಪುಸ್ತಕದಲ್ಲಿ ಇಡೀ ಸ್ನಾಯುವಿನಿಂದ ಹಿಡಿದು ಕಣ್ಣಿಗೆ ಕಾಣದ ಎಳೆಯವರೆಗೆ ಎಲ್ಲವೂ ಒಂದೇ ಪುಟದಲ್ಲಿ, ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಇರುತ್ತದೆ. ಯಾವುದು ಯಾವುದರ ಒಳಗಿದೆ ಅನ್ನೋದು ಕೈಗೆ ಸಿಗುವುದಿಲ್ಲ. ಅದು ಕೈಗೆ ಸಿಕ್ಕರೆ ಹೆಸರುಗಳು ತಾವಾಗಿಯೇ ನಿಲ್ಲುತ್ತವೆ.

ಏನೇನು ಬೇಕು

ಎರಡು ಸಂಜೆ ಬಿಡುವು ಮಾಡಿಕೊಳ್ಳಿ. ಸ್ಕೇಲು, ಪೆನ್ಸಿಲ್, ಒಂದು ಬೆಂಕಿಪೆಟ್ಟಿಗೆ, ಸ್ವಲ್ಪ ರಟ್ಟು, ಅಂಟು, ನಾಲ್ಕು ಒಣಗಿದ ತೊಗರಿ ಕಟ್ಟಿಗೆ. ಊರಿನಲ್ಲಿದ್ದರೆ ಜೋಳದ ಕಣಕಿಯ, ಅಂದರೆ ಒಣಗಿದ ದಂಟಿನ, ಒಂದು ಸೂಡು (ಕಟ್ಟು). ಮಾಂಸ ತಿನ್ನುವವರ ಮನೆಯಾದರೆ ಬೇಯಿಸಿದ ಕೋಳಿ ಅಥವಾ ಮಟನ್ ತುಂಡು. ತಿನ್ನದವರ ಮನೆಯಾದರೆ ಅದು ಬೇಡ, ಸೂಡಿನಿಂದಲೇ ಕೆಲಸ ಆಗುತ್ತದೆ. ಯಾರ ಮನೆಯ ನಡೆಗೂ ಅಡ್ಡ ಬರುವುದು ಬೇಕಿಲ್ಲ.

1. ಮೊದಲು ಹೆಸರಿನ ಗೊಂದಲ ಕಳೆದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನಮ್ಮ ಕಡೆ ಮಕ್ಕಳು ಕನ್ನಡ ಪುಸ್ತಕ ಓದುತ್ತಾರೆ, ಮೊಬೈಲಿನಲ್ಲಿ ಹಿಂದಿ ವೀಡಿಯೊ ನೋಡುತ್ತಾರೆ, ಬಸವಕಲ್ಯಾಣ, ಭಾಲ್ಕಿ ಕಡೆಯ ಎಷ್ಟೋ ಜನರಿಗೆ ಮರಾಠಿಯೂ ಮನೆಮಾತು. ಮೂರೂ ಭಾಷೆಯಲ್ಲಿ ಅವೇ ಪದಗಳು, ಅರ್ಥ ಮಾತ್ರ ಬೇರೆ.

ಕನ್ನಡದಲ್ಲಿ, ಮರಾಠಿಯಲ್ಲಿ ಸ್ನಾಯು ಅಂದರೆ ಮಾಂಸಖಂಡ. ಹಿಂದಿಯ ವಿಜ್ಞಾನ ಪುಸ್ತಕದಲ್ಲಿ 'ಸ್ನಾಯು' ಅಂದರೆ ಎಲುಬಿಗೆ ಎಲುಬು ಕಟ್ಟುವ ಪಟ್ಟಿ, ಅಂದರೆ ಲಿಗಮೆಂಟ್. ಹಿಂದಿಯಲ್ಲಿ ಮಾಂಸಖಂಡಕ್ಕೆ 'ಪೇಶಿ' ಅನ್ನುತ್ತಾರೆ. ಅದೇ 'ಪೇಶಿ' ಮರಾಠಿಯಲ್ಲಿ ಜೀವಕೋಶ! ಹಿಂದಿ ವೀಡಿಯೊದಲ್ಲಿ ಪೇಶಿ ಅಂತ ಕೇಳಿ ಅದನ್ನು ಜೀವಕೋಶ ಅಂದುಕೊಂಡವರಿಗೆ ಆಮೇಲಿನದು ಒಂದೂ ತಲೆಗೆ ಹತ್ತುವುದಿಲ್ಲ, ಹತ್ತುವ ಹಾಗೂ ಇಲ್ಲ.

ಇನ್ನೊಂದು, ಮನೆಯಲ್ಲಿ ನಾವು ಎಲ್ಲದಕ್ಕೂ 'ನರ' ಅಂದುಬಿಡುತ್ತೇವೆ. ಕೈ ಮೇಲೆ ನೀಲಿಯಾಗಿ ಉಬ್ಬಿದ್ದು ನರ, ಹಿಮ್ಮಡಿಯ ಮೇಲೆ ಹಗ್ಗದ ಹಾಗೆ ಸಿಗುವುದೂ ನರ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಹೋಯಿತು. ಕೈ ಮೇಲಿನದು ರಕ್ತನಾಳ. ಹಿಮ್ಮಡಿಯದು ಸ್ನಾಯುರಜ್ಜು, ಅಂದರೆ ಟೆಂಡನ್. ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ. ನಿಜವಾದ ನರ ಅಂದರೆ ಮಿದುಳು, ಬೆನ್ನುಹುರಿಗಳ ಸಂದೇಶ ಒಯ್ಯುವ ತಂತಿ.

ಈಗಲೇ ಒಂದು ಕೆಲಸ ಮಾಡಿ. ಮೀನಖಂಡ ಹಿಡಿದುಕೊಂಡು ಕೈಯನ್ನು ಕೆಳಗೆ ಹಿಮ್ಮಡಿವರೆಗೆ ಜಾರಿಸಿ. ಮೆತ್ತಗಿದ್ದದ್ದು ಬರಬರುತ್ತಾ ಗಟ್ಟಿ ಹುರಿಯಾಗುತ್ತದೆ. ಮೆತ್ತಗಿದ್ದದ್ದು ಸ್ನಾಯು, ಗಟ್ಟಿ ಹುರಿ ಸ್ನಾಯುರಜ್ಜು. ಈ ಹುರಿಗೆ ಅಕಿಲಿಸ್ ಟೆಂಡನ್ ಅನ್ನುತ್ತಾರೆ.

2. ಮೂರು ವಿಧ: ಪಟ್ಟಿ ಬಾಯಿಪಾಠ ಬೇಡ, ಒಂದು ಚಳಿಯ ಬೆಳಗ್ಗೆ ನೆನಪಿಸಿಕೊಳ್ಳಿ

ಡಿಸೆಂಬರ್‌ನಲ್ಲಿ ಬೀದರ್ ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನ ಜಾವ ಸ್ವೆಟರ್ ಇಲ್ಲದೆ ನಿಂತಿದ್ದೀರಿ ಅಂದುಕೊಳ್ಳಿ. ಮೈ ಗಡಗಡ ನಡುಗುತ್ತದೆ. ಕೈ ಮೇಲಿನ ಕೂದಲು ನೆಟ್ಟಗೆ ನಿಲ್ಲುತ್ತದೆ. ಎದೆ ತನ್ನ ಪಾಡಿಗೆ ಬಡಿಯುತ್ತಿದೆ. ಮೂರೂ ಸ್ನಾಯುಗಳು ಒಂದೇ ಹೊತ್ತಿಗೆ ಕೆಲಸ ಮಾಡುತ್ತಿವೆ.

ನಡುಗುತ್ತಿರುವುದು ಅಸ್ಥಿಸ್ನಾಯು, ಎಲುಬಿಗೆ ಅಂಟಿದ ಸ್ನಾಯು. ನಮ್ಮ ದೇಹದಲ್ಲಿ ಇಂಥವು 600ಕ್ಕಿಂತ ಜಾಸ್ತಿ ಇವೆ, ದೇಹದ ತೂಕದಲ್ಲಿ ಸುಮಾರು ಶೇ. 40 ಭಾಗ ಇವುಗಳದ್ದೇ. ಇದರ ಕೋಶ ಉದ್ದನೆಯ ದಾರದಂತೆ, ಕವಲಿಲ್ಲದೆ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ಅಡ್ಡ ಪಟ್ಟೆ ಕಾಣುತ್ತದೆ. ಒಂದೇ ಕೋಶದಲ್ಲಿ ಹತ್ತಾರು, ನೂರಾರು ಕೋಶಕೇಂದ್ರ. ಅವೂ ನಡುವೆ ಇರದೆ ಅಂಚಿಗೆ ಒತ್ತಿಕೊಂಡಿರುತ್ತವೆ.

ಕೂದಲು ನಿಲ್ಲಿಸಿದ್ದು ನಯಸ್ನಾಯು. ಹೀಗೆ ನಿಲ್ಲುವ ಪ್ರತಿ ಕೂದಲಿನ ಬುಡದಲ್ಲಿ ಇದರ ಸಣ್ಣದೊಂದು ಕಟ್ಟು ಇರುತ್ತದೆ. ಕರುಳು, ರಕ್ತನಾಳದ ಗೋಡೆ, ಮೂತ್ರಕೋಶ, ಗರ್ಭಕೋಶ, ಕಣ್ಣಿನ ಪಾಪೆಯ ಸುತ್ತಲೂ ಇದೇ. ಕೋಶದ ಎರಡೂ ತುದಿ ಚೂಪು, ನಡು ದಪ್ಪ, ನೂಲುವ ಕದಿರಿನ ಹಾಗೆ. ಒಂದೇ ಕೋಶಕೇಂದ್ರ, ಅದು ನಡುವೆ. ಪಟ್ಟೆ ಇಲ್ಲ.

ಎದೆಯೊಳಗಿನದು ಹೃದಯಸ್ನಾಯು. ಇದಕ್ಕೂ ಪಟ್ಟೆ ಇದೆ, ಆದರೆ ಕೋಶಗಳು ಕವಲೊಡೆದಿರುತ್ತವೆ. ಕೋಶಕೇಂದ್ರ ಒಂದು, ಕೆಲವಕ್ಕೆ ಎರಡು. ಕೋಶಕ್ಕೂ ಕೋಶಕ್ಕೂ ನಡುವಿನ ಬೆಸುಗೆಗೆ ಇಂಟರ್‌ಕಲೇಟೆಡ್ ಡಿಸ್ಕ್ ಅನ್ನುತ್ತಾರೆ. ಕೋಶಗಳು ಎಳೆದಾಗ ಬಿಟ್ಟುಹೋಗದಂತೆ ಅದು ಹಿಡಿಯುತ್ತದೆ, ಸಂದೇಶ ಸರ್ರನೆ ದಾಟಲು ದಾರಿಯನ್ನೂ ಬಿಡುತ್ತದೆ. ನಿಮಿಷಕ್ಕೆ 72 ಬಡಿತ ಅಂತ ಹಿಡಿದರೆ ದಿನಕ್ಕೆ ಒಂದು ಲಕ್ಷ ದಾಟುತ್ತದೆ. ಅಷ್ಟೂ ಬಡಿತದಲ್ಲಿ ಕೋಶಗಳು ಒಟ್ಟಿಗೆ ಬಿಗಿಯುವುದು ಈ ಬೆಸುಗೆಯಿಂದ.

ಇಲ್ಲಿ ಎಡವುವ ಜಾಗ ಎರಡಿವೆ.

'ಐಚ್ಛಿಕ' ಅಂದರೆ ನಾವು ಬೇಕೆಂದಾಗ ಅಲ್ಲಾಡಿಸಬಹುದಾದದ್ದು. ಅಸ್ಥಿಸ್ನಾಯು ಐಚ್ಛಿಕ ಅಂತ ಬರೆಯುತ್ತೇವೆ, ಸರಿಯೇ. ಆದರೆ ನಡುಕ ನಾವು ಕೇಳಿ ಬಂದದ್ದಲ್ಲವಲ್ಲ! ಐಚ್ಛಿಕ ಅಂದರೆ 'ಯಾವಾಗಲೂ ನಮ್ಮ ಮಾತು ಕೇಳುತ್ತದೆ' ಅಂತಲ್ಲ, 'ನಮ್ಮ ಮಾತು ಕೇಳಬಲ್ಲದು' ಅಂತ. ಉಸಿರಾಟದ ವಪೆಯೂ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ, ಡಯಾಫ್ರಮ್) ಹೀಗೆಯೇ. ನಿದ್ದೆಯಲ್ಲೂ ನಡೆಯುತ್ತದೆ, ಬೇಕೆಂದರೆ ಉಸಿರು ಬಿಗಿಹಿಡಿಯಬಹುದು. ವಪೆ ಅಸ್ಥಿಸ್ನಾಯುವೇ.

ಎರಡನೆಯದು, 'ಹೊಟ್ಟೆಯೊಳಗಿನದೆಲ್ಲ ನಯಸ್ನಾಯು, ಹೊರಗಿನದೆಲ್ಲ ಅಸ್ಥಿಸ್ನಾಯು' ಅನ್ನುವ ಅಂದಾಜು. ಅನ್ನನಾಳವನ್ನೇ ನೋಡಿ. ಮೇಲಿನ ಭಾಗದಲ್ಲಿ ಪಟ್ಟೆ ಇರುವ ಸ್ನಾಯು, ಕೆಳಗಿನ ಭಾಗದಲ್ಲಿ ನಯಸ್ನಾಯು, ನಡುವೆ ಎರಡೂ ಬೆರಕೆ. ಕೂದಲ ಬುಡ ಚರ್ಮದಲ್ಲೇ ಇದೆ, ಆದರೂ ಅಲ್ಲಿರುವುದು ನಯಸ್ನಾಯು. ಜಾಗ ನೋಡಿ ಹೇಳಬೇಡಿ, ಕೋಶ ನೋಡಿ ಹೇಳಿ.

3. ಸೂಡು ಬಿಚ್ಚಿ ನೋಡಿ

ಈಗ ಅಸ್ಥಿಸ್ನಾಯು ಒಂದನ್ನೇ ಹಿಡಿಯೋಣ. ಜೋಳ ಕೊಯ್ದ ಮೇಲೆ ಕಣಕಿ ಕಟ್ಟುವುದನ್ನು ನೋಡಿದ್ದೀರಿ ಅಲ್ವಾ? ಕಣಕಿ ಸೇರಿ ಸೂಡು, ಸೂಡು ಸೇರಿ ಬಣವೆ, ಮಳೆ ಬಾರದಂತೆ ಬಣವೆಯ ಮೇಲೆ ಹೊದಿಕೆ. ಅಸ್ಥಿಸ್ನಾಯು ಕಟ್ಟಿರುವುದೂ ಇದೇ ಲೆಕ್ಕದಲ್ಲಿ.

ಒಂದು ಕಣಕಿ ಅಂದರೆ ಒಂದು ಸ್ನಾಯುತಂತು. ನೆನಪಿಡಿ, ಒಂದು ಸ್ನಾಯುತಂತು ಅಂದರೆ ಒಂದು ಜೀವಕೋಶ. ಇದನ್ನು ಜೋರಾಗಿ ಎರಡು ಸಲ ಹೇಳಿಕೊಳ್ಳಿ, ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಕಣಕಿಗೆ ಗರಿಯ ತಳ ಸುತ್ತಿಕೊಂಡ ಹಾಗೆ ಪ್ರತಿ ತಂತುವಿಗೂ ತೆಳು ಹೊದಿಕೆ ಇದೆ, ಅದು ಎಂಡೊಮೈಸಿಯಂ. ತಂತುಗಳು ಸೇರಿ ಒಂದು ಸೂಡು, ಅದು ಫ್ಯಾಸಿಕಲ್. ಸೂಡಿನ ಸುತ್ತಲಿನ ಹೊದಿಕೆ ಪೆರಿಮೈಸಿಯಂ. ಸೂಡುಗಳೆಲ್ಲ ಸೇರಿ ಬಣವೆ, ಅಂದರೆ ಇಡೀ ಸ್ನಾಯು. ಅದರ ಹೊರ ಹೊದಿಕೆ ಎಪಿಮೈಸಿಯಂ.

ಹೆಸರು ಕಷ್ಟ ಅನಿಸಿದರೆ ಮುರಿದು ನೋಡಿ. ಎಂಡೊ ಅಂದರೆ ಒಳಗೆ, ಪೆರಿ ಅಂದರೆ ಸುತ್ತ, ಎಪಿ ಅಂದರೆ ಮೇಲೆ. ಮಯೊ, ಮೈಸಿಯಂ ಬಂದಲ್ಲೆಲ್ಲ ಸ್ನಾಯು. ಸಾರ್ಕೊ ಬಂದರೆ ಮಾಂಸ. ಗ್ರೀಕ್‌ನಿಂದ ಬಂದ ಈ ಐದು ತುಂಡು ಗೊತ್ತಿದ್ದರೆ ಪಾಠದ ಅರ್ಧ ಪದಗಳು ತಾವೇ ಬಾಯಿಬಿಡುತ್ತವೆ.

ಸೂಡಿನ ಹೋಲಿಕೆ ಒಂದು ಕಡೆ ಸಾಲುವುದಿಲ್ಲ, ಅದನ್ನೂ ಹೇಳಬೇಕು. ಸೂಡಿಗೆ ಹಗ್ಗ ನಡುವೆ ಮಾತ್ರ ಇರುತ್ತದೆ. ಸ್ನಾಯುವಿನಲ್ಲಿ ಈ ಮೂರೂ ಹೊದಿಕೆ ಉದ್ದಕ್ಕೂ ಇದ್ದು, ತುದಿಯಲ್ಲಿ ಒಂದಾಗಿ ಸೇರಿ ಹುರಿಯಾಗುತ್ತವೆ. ಆ ಹುರಿಯೇ ನೀವು ಹಿಮ್ಮಡಿಯಲ್ಲಿ ಮುಟ್ಟಿ ನೋಡಿದ ಸ್ನಾಯುರಜ್ಜು. ಅಂದರೆ ರಜ್ಜು ಎಲ್ಲಿಂದಲೋ ಬಂದು ಅಂಟಿಕೊಂಡದ್ದಲ್ಲ. ಪ್ರತಿ ತಂತುವಿನ ಎಳೆತವೂ ಹೊದಿಕೆಯ ಮೂಲಕ ಎಲುಬಿಗೆ ಮುಟ್ಟುವುದು ಹೀಗೆ.

ಮಾಂಸ ಇದ್ದರೆ ಬೇಯಿಸಿದ ಕೋಳಿಯ ಎದೆ ತುಂಡು ತಗೊಂಡು ಉದ್ದಕ್ಕೆ ಎಳೆಯಿರಿ. ಎಳೆಎಳೆಯಾಗಿ ಬಿಡುತ್ತದೆ. 'ಇದೇ ಒಂದು ಕೋಶ' ಅಂತ ಬರೆಯಬೇಡಿ, ಅದು ಒಂದು ಕಟ್ಟು. ತಂತುವಿನ ದಪ್ಪ 10ರಿಂದ 100 ಮೈಕ್ರೊಮೀಟರ್, ಹೆಚ್ಚೆಂದರೆ ತಲೆಕೂದಲಿನಷ್ಟು. ಮೈಕ್ರೊಮೀಟರ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಮಟನ್ ಆದರೆ ತೊಡೆಯ ತುಂಡಿನ ಮೇಲೆ ಬೆಳ್ಳಗೆ ಹೊಳೆಯುವ ಪೊರೆ ಹುಡುಕಿ, ಒಂದು ಇಡೀ ಸ್ನಾಯುವಿನ ಮೇಲೆ ಅದು ಹಾಗೇ ಉಳಿದಿದ್ದರೆ ಅದೇ ಎಪಿಮೈಸಿಯಂ. ಬೋಟಿಯನ್ನೂ ಒಂದು ತುಂಡು ತಂದರೆ ನಯಸ್ನಾಯುವಿನ ಗೋಡೆ ಹೇಗಿರುತ್ತದೆ ಅಂತ ಬೆರಳಿಗೇ ತಿಳಿಯುತ್ತದೆ, ಅದನ್ನು ಹೀಗೆ ಎಳೆಎಳೆಯಾಗಿ ಬಿಡಿಸಲು ಆಗುವುದಿಲ್ಲ.

ಎಚ್ಚರಿಕೆ: ಹಸಿ ಮಾಂಸ ಮುಟ್ಟಿದರೆ ಕೈ ಸೋಪಿನಿಂದ ತೊಳೆಯಿರಿ. ಚಾಕು ಸಣ್ಣ ಮಕ್ಕಳ ಕೈಗೆ ಬೇಡ. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಕಲಿಯಲು ತೆಗೆದಿಟ್ಟ ತುಂಡನ್ನು ಹೊರಗೆ ಇಟ್ಟು ಆಮೇಲೆ ತಿನ್ನಲೇಬೇಡಿ.

ಕೋಳಿಯ ಕಾಲು ಕೆಂಪಗೆ, ಎದೆ ಬೆಳ್ಳಗೆ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಕೋಳಿ ದಿನವಿಡೀ ಕಾಲಿನ ಮೇಲೆ ಓಡಾಡುತ್ತದೆ, ರೆಕ್ಕೆ ಬಡಿಯುವುದು ಅಪರೂಪ. ದಣಿಯದೆ ದುಡಿಯುವ ತಂತುಗಳಲ್ಲಿ ಮಯೊಗ್ಲೋಬಿನ್ ಜಾಸ್ತಿ. ಅದು ಆಮ್ಲಜನಕ ಹಿಡಿದಿಡುವ ಕೆಂಪು ಪ್ರೋಟೀನ್. ಬೆಳ್ಳಗಿನವು ಜೋರಾಗಿ ಎಳೆದು ಬೇಗ ದಣಿಯುತ್ತವೆ. ಕೆಂಪು ತಂತು, ಬಿಳಿ ತಂತು ಅನ್ನುವ ಪ್ರಶ್ನೆಗೆ ಇಷ್ಟು ಸಾಕು.

4. ಒಂದೇ ಕಣಕಿಯ ಒಳಗೆ ಹೋಗಿ

ಒಂದು ಕಣಕಿಯ ಸಿಪ್ಪೆ ಸುಲಿದು ಬೆಂಡನ್ನು ಸೀಳಿ. ಒಳಗೆ ಉದ್ದುದ್ದ ನಾರು. ಸ್ನಾಯುತಂತುವಿನ ಒಳಗೂ ಹಾಗೆಯೇ ನೂರಾರು, ಸಾವಿರಾರು ನಾರು ಒತ್ತಾಗಿ ನಿಂತಿವೆ. ಅವು ಮಯೊಫೈಬ್ರಿಲ್, ಒಂದೊಂದರ ದಪ್ಪ 1ರಿಂದ 2 ಮೈಕ್ರೊಮೀಟರ್.

ಇಲ್ಲಿ ಹಳೆಯ ಪರಿಚಯದವರೇ ಹೊಸ ಹೆಸರಲ್ಲಿ ಬರುತ್ತಾರೆ. ಕೋಶಪೊರೆಗೆ ಸಾರ್ಕೊಲೆಮ್ಮ ಅನ್ನುತ್ತಾರೆ, ಕೋಶರಸಕ್ಕೆ ಸಾರ್ಕೊಪ್ಲಾಸಂ. ಮಯೊಫೈಬ್ರಿಲ್‌ಗಳ ಸುತ್ತ ಬಲೆಯ ಹಾಗೆ ಹೆಣೆದುಕೊಂಡಿರುವ ಸಾರ್ಕೊಪ್ಲಾಸ್ಮಿಕ್ ರೆಟಿಕ್ಯುಲಂ ಕ್ಯಾಲ್ಸಿಯಂ ತುಂಬಿಟ್ಟ ಕಣಜ. ಸಾರ್ಕೊಲೆಮ್ಮ ಅಲ್ಲಲ್ಲಿ ಕೊಳವೆಯಾಗಿ ಒಳಗೆ ಇಳಿದಿರುತ್ತದೆ, ಅದು ಟಿ-ನಾಳ. ಹೊರಗೆ ಬಂದ ಸಂದೇಶ ಒಳಗಿನವರೆಗೂ ಮುಟ್ಟಲಿ ಅಂತ.

ಎಂಡೊಮೈಸಿಯಂ ಮತ್ತು ಸಾರ್ಕೊಲೆಮ್ಮ ಒಂದೇ ಅಂತ ಬರೆಯುವವರು ಬಹಳ. ಸಾರ್ಕೊಲೆಮ್ಮ ಕೋಶದ್ದೇ ಚರ್ಮ. ಎಂಡೊಮೈಸಿಯಂ ಅದರ ಮೇಲೆ ಹೊದ್ದ ಬಟ್ಟೆ. ಕೋಶಕೇಂದ್ರಗಳು ಇರುವುದು ಸಾರ್ಕೊಲೆಮ್ಮದ ಒಳಗೆ, ಅದಕ್ಕೆ ತಾಗಿಕೊಂಡೇ.

5. ನೆಲದ ಮೇಲೆ ಸಾರ್ಕೊಮಿಯರ್ ಕಟ್ಟಿ

ಈ ಹಂತಕ್ಕೆ ಒಂದು ಪೂರ್ತಿ ಸಂಜೆ ಕೊಡಿ. ಇದು ಕೂತರೆ ಪಾಠ ಕೂತಂತೆ.

ಮಯೊಫೈಬ್ರಿಲ್‌ನ ಉದ್ದಕ್ಕೂ ಒಂದೇ ಥರದ ತುಂಡುಗಳು ರೈಲು ಬೋಗಿಗಳ ಹಾಗೆ ಸಾಲಾಗಿವೆ. ಒಂದು ಬೋಗಿ ಅಂದರೆ ಒಂದು ಸಾರ್ಕೊಮಿಯರ್. ಬೋಗಿಗಳ ನಡುವಿನ ಗಡಿಗೆ ಝೆಡ್-ಗೆರೆ ಅನ್ನುತ್ತಾರೆ, ಒಂದು ಝೆಡ್-ಗೆರೆಯಿಂದ ಮುಂದಿನ ಝೆಡ್-ಗೆರೆವರೆಗೆ ಒಂದು ಬೋಗಿ. ಸ್ನಾಯು ಸಡಿಲವಾಗಿದ್ದಾಗ ಇದು ಸುಮಾರು 2.5 ಮೈಕ್ರೊಮೀಟರ್ ಅಂತ ಹಿಡಿಯೋಣ. ಒಂದು ಮೈಕ್ರೊಮೀಟರಿಗೆ 4 ಸೆಂಟಿಮೀಟರ್ ಲೆಕ್ಕದಲ್ಲಿ, ಅಂದರೆ 40,000 ಪಟ್ಟು ದೊಡ್ಡದಾಗಿ ಕಟ್ಟುತ್ತೇವೆ. ಇದೇ ಲೆಕ್ಕದಲ್ಲಿ ಇಡೀ ತಂತು ಮಾಡಲು ಹೋದರೆ, 50 ಮೈಕ್ರೊಮೀಟರ್ ದಪ್ಪದ್ದು 2 ಮೀಟರ್ ದಪ್ಪ ಆಗುತ್ತದೆ, 10 ಸೆಂಟಿಮೀಟರ್ ಉದ್ದದ್ದು 4 ಕಿಲೋಮೀಟರ್! ಪುಸ್ತಕದ ಒಂದು ಪುಟದಲ್ಲಿ ಏನೆಲ್ಲ ತುರುಕಿದ್ದಾರೆ ಅಂತ ಈಗ ಗೊತ್ತಾಯಿತಲ್ಲ.

ಬೆಂಕಿಕಡ್ಡಿಯ ಮದ್ದಿನ ತಲೆ ಮುರಿದು ಬಿಸಾಡಿ, ಕಡ್ಡಿಯನ್ನು ಸರಿಯಾಗಿ 4 ಸೆಂಟಿಮೀಟರಿಗೆ ಕತ್ತರಿಸಿ. ಆರು ಬೇಕು. ಇವು ತೆಳು ಎಳೆ, ಅಂದರೆ ಆಕ್ಟಿನ್. ರಟ್ಟಿನ ಎರಡು ಪಟ್ಟಿ ಮಾಡಿ, ಒಂದೊಂದಕ್ಕೆ ಮೂರು ಕಡ್ಡಿಯನ್ನು ಬಾಚಣಿಗೆಯ ಹಲ್ಲಿನಂತೆ ಅಂಟಿಸಿ. ಅಂಚಿನಿಂದ ಪೂರ್ತಿ 4 ಸೆಂಟಿಮೀಟರ್ ಹೊರಗೆ ಚಾಚಿರಬೇಕು, ಹಾಗಾಗಿ ಕಡ್ಡಿಯ ತುದಿಯನ್ನು ಮಾತ್ರ ರಟ್ಟಿನ ಅಂಚಿಗೆ ಹಚ್ಚಿ. ರಟ್ಟೇ ಝೆಡ್-ಗೆರೆ. ತೊಗರಿ ಕಟ್ಟಿಗೆಯನ್ನು 6.4 ಸೆಂಟಿಮೀಟರ್ ಉದ್ದಕ್ಕೆ ಎರಡು ತುಂಡು ಮಾಡಿ. ಇವು ದಪ್ಪ ಎಳೆ, ಮಯೊಸಿನ್.

ಶಹಾಬಾದ್ ಕಲ್ಲಿನ ನೆಲ ಇದ್ದರೆ ಅದರ ಮೇಲೆ ಚಾಕ್‌ಪೀಸಿನಿಂದ 10 ಸೆಂಟಿಮೀಟರ್ ಅಂತರದಲ್ಲಿ ಎರಡು ಗೆರೆ ಎಳೆಯಿರಿ. ರಟ್ಟುಗಳ ಅಂಚು ಆ ಗೆರೆಗಳ ಮೇಲೆ, ಕಡ್ಡಿಗಳು ಎದುರುಬದುರು. ದಪ್ಪ ತುಂಡುಗಳನ್ನು ನಟ್ಟನಡುವೆ, ಕಡ್ಡಿಗಳ ಸಂದಿಯಲ್ಲಿ ಇಡಿ. ಎಡ ರಟ್ಟಿನಿಂದ ದಪ್ಪ ತುಂಡಿನ ತುದಿಗೆ 1.8 ಸೆಂಟಿಮೀಟರ್, ಬಲದಿಂದಲೂ ಅಷ್ಟೇ.

ಈಗ ಹೆಸರು ಇಡೋಣ. ದಪ್ಪ ತುಂಡು ಎಲ್ಲಿಂದ ಎಲ್ಲಿವರೆಗೆ ಇದೆಯೋ ಅದು ಎ-ಬ್ಯಾಂಡ್, 6.4. ಇದು ಕಪ್ಪಗೆ ಕಾಣುವ ಪಟ್ಟೆ. ಬರೀ ತೆಳು ಕಡ್ಡಿ ಇರುವ ಜಾಗ ಐ-ಬ್ಯಾಂಡ್, ತಿಳಿಯಾದ ಪಟ್ಟೆ. ಪಟ್ಟೆ ಪಟ್ಟೆಯಾಗಿ ಕಾಣುವುದಕ್ಕೆ ಕಾರಣ ಇವೆರಡೇ. ನಡುವೆ ಬರೀ ದಪ್ಪ ತುಂಡು ಇರುವ 2 ಸೆಂಟಿಮೀಟರ್ ಎಚ್-ವಲಯ. ಅದರ ನಟ್ಟನಡುವೆ ಎಂ-ಗೆರೆ, ದಪ್ಪ ಎಳೆಗಳನ್ನು ಜಾಗದಲ್ಲಿ ಹಿಡಿದಿಡುವುದು. ನೆನಪಿರಲಿ, 1.8 ಅನ್ನುವುದು ಅರ್ಧ ಐ-ಬ್ಯಾಂಡ್ ಮಾತ್ರ. ಉಳಿದರ್ಧ ಪಕ್ಕದ ಬೋಗಿಯಲ್ಲಿದೆ. ಝೆಡ್-ಗೆರೆ ಐ-ಬ್ಯಾಂಡಿನ ನಡುವೆ ಹಾಯುತ್ತದೆ ಅನ್ನುವುದು ಇದಕ್ಕೇ.

ಇನ್ನು ಸ್ನಾಯು ಬಿಗಿಯಲಿ. ಎರಡೂ ರಟ್ಟನ್ನು ತಲಾ 0.6 ಸೆಂಟಿಮೀಟರ್ ಒಳಗೆ ನೂಕಿ. ದಪ್ಪ ತುಂಡು ಮುಟ್ಟಬೇಡಿ. ಸ್ಕೇಲು ಇಟ್ಟು ಅಳೆಯಿರಿ. ರಟ್ಟಿನಿಂದ ರಟ್ಟಿಗೆ 10 ಇದ್ದದ್ದು 8.8 ಆಯಿತು. ಎಚ್-ವಲಯ 2ರಿಂದ 0.8ಕ್ಕೆ ಇಳಿಯಿತು. ಅರ್ಧ ಐ-ಬ್ಯಾಂಡ್ 1.8ರಿಂದ 1.2ಕ್ಕೆ ಬಂತು. ಎ-ಬ್ಯಾಂಡ್? ಅದೇ 6.4. ಕಡ್ಡಿಯ ಉದ್ದವೂ ಅದೇ 4. ಯಾವ ಎಳೆಯೂ ಮುದುಡಿಲ್ಲ, ಒಂದರ ಸಂದಿಯಲ್ಲಿ ಇನ್ನೊಂದು ಸರಿಯಿತು, ಅಷ್ಟೇ. ಸ್ನಾಯು ಬಿಗಿದಾಗ 'ಎಳೆಗಳು ಚಿಕ್ಕವಾಗುತ್ತವೆ' ಅಂತ ಬರೆಯುವ ತಪ್ಪು, ಇದನ್ನು ಒಮ್ಮೆ ಕೈಯಿಂದ ಮಾಡಿದವರಿಂದ ಆಗುವುದಿಲ್ಲ.

1954ರಲ್ಲಿ ವಿಜ್ಞಾನಿಗಳು ಕಂಡದ್ದೂ ಇದನ್ನೇ. ಆ್ಯಂಡ್ರ್ಯೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್‌ಗರ್ಕೆ ಒಂದು ಜೋಡಿ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಜೋಡಿ. ಬೇರೆ ಬೇರೆಯಾಗಿ ಕೆಲಸ ಮಾಡಿ ಒಂದೇ ವರ್ಷ ಪ್ರಕಟಿಸಿದರು. ಇಬ್ಬರು ಹಕ್ಸ್‌ಲಿಗಳು ಬೇರೆ ಬೇರೆ ಜನ, ಒಬ್ಬರೇ ಅಂತ ಬರೆಯಬೇಡಿ. ಈ ವಿವರಣೆಗೆ 'ಜಾರುವ ಎಳೆ ಸಿದ್ಧಾಂತ' ಅಂತ ಹೆಸರು.

ಇಷ್ಟು ಸಣ್ಣ ಸರಿದಾಟದಿಂದ ಕೊಡ ಎತ್ತಲು ಹೇಗೆ ಸಾಧ್ಯ ಅಂತ ಕೇಳುತ್ತೀರಿ. ಲೆಕ್ಕ ಹಾಕಿ. 10 ಸೆಂಟಿಮೀಟರ್ ತಂತುವಿನ ಉದ್ದಕ್ಕೆ 2.5 ಮೈಕ್ರೊಮೀಟರಿನ 40,000 ಬೋಗಿಗಳು ಸಾಲಾಗಿವೆ. ಒಂದೊಂದು ಬರೀ 0.3 ಮೈಕ್ರೊಮೀಟರ್ ಕುಗ್ಗಿದರೂ ಒಟ್ಟು 12 ಮಿಲಿಮೀಟರ್ ಆಗುತ್ತದೆ.

6. ಸರಿಸುವುದು ಯಾರು

ಇದನ್ನು ಕ್ರಮ ತಪ್ಪದೆ ಹೇಳಿಕೊಂಡು ಬನ್ನಿ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಬರುತ್ತದೆ. ಸಾರ್ಕೊಲೆಮ್ಮದ ಮೇಲೆ ವಿದ್ಯುತ್ ಸಂದೇಶ ಎದ್ದು ಟಿ-ನಾಳದಲ್ಲಿ ಇಳಿಯುತ್ತದೆ. ಕಣಜದ ಬಾಗಿಲು ತೆರೆದು ಕ್ಯಾಲ್ಸಿಯಂ ಹೊರಬರುತ್ತದೆ. ಅದು ಆಕ್ಟಿನ್ ಎಳೆಯ ಮೇಲೆ ಕೂತ ಪ್ರೋಟೀನ್ ಆದ ಟ್ರೋಪೊನಿನ್‌ಗೆ ಅಂಟುತ್ತದೆ. ಮಯೊಸಿನ್ ಹಿಡಿಯಬೇಕಾದ ಜಾಗಕ್ಕೆ ಅಡ್ಡ ಮಲಗಿದ್ದ ಟ್ರೋಪೊಮಯೊಸಿನ್ ಅನ್ನುವ ಪ್ರೋಟೀನ್ ಪಕ್ಕಕ್ಕೆ ಸರಿಯುತ್ತದೆ. ಆಗ ಮಯೊಸಿನ್‌ನ ಎಳೆಯಿಂದ ಹೊರಗೆ ಚಾಚಿದ ತಲೆ ಆಕ್ಟಿನ್ ಹಿಡಿದು ನಡುವಿಗೆ ಎಳೆಯುತ್ತದೆ, ಬಿಡುತ್ತದೆ, ಮತ್ತೆ ಮುಂದೆ ಹಿಡಿಯುತ್ತದೆ. ಬಾವಿಯಿಂದ ಹಗ್ಗ ಸೇದುವಾಗ ಕೈ ಬದಲಿಸಿದ ಹಾಗೆ.

ಎಟಿಪಿ, ಅಂದರೆ ಕೋಶದ ಶಕ್ತಿಯ ಚಿಲ್ಲರೆ, ಎಳೆಯಲು ಮಾತ್ರ ಬೇಕು ಅಂದುಕೊಂಡಿರುತ್ತಾರೆ. ಹಿಡಿದದ್ದನ್ನು ಬಿಡಲೂ ಎಟಿಪಿ ಬೇಕು. ಕ್ಯಾಲ್ಸಿಯಂ ಅನ್ನು ವಾಪಸ್ ಕಣಜಕ್ಕೆ ತುಂಬಲೂ ಬೇಕು. ಸತ್ತ ಕೆಲವು ಗಂಟೆಗಳಲ್ಲಿ ದೇಹ ಸೆಟೆಯುವುದು ಇದರಿಂದಲೇ. ಎಟಿಪಿ ಮುಗಿದಿದೆ, ಹಿಡಿದ ತಲೆಗಳು ಬಿಡಲಾರವು.

ನಯಸ್ನಾಯುವಿನಲ್ಲಿ ಆಕ್ಟಿನ್, ಮಯೊಸಿನ್ ಇಲ್ಲ ಅಂತ ಕೆಲವರು ಬರೆಯುತ್ತಾರೆ. ಎರಡೂ ಇವೆ. ಬೋಗಿಗಳಾಗಿ ಸಾಲುಗೊಂಡಿಲ್ಲ, ಅದಕ್ಕೇ ಪಟ್ಟೆ ಇಲ್ಲ.

7. ಪರೀಕ್ಷೆಗೆ ಚಿತ್ರ

ಇಡೀ ಸ್ನಾಯುವನ್ನು ತೆಗೆದು ಪುಟ ತುಂಬಿಸಬೇಡಿ. ಎಡಗಡೆ ಚಿಕ್ಕದಾಗಿ ಅಡ್ಡಕೊಯ್ತ ಮಾಡಿದ ಸ್ನಾಯು, ಅದರಿಂದ ಒಂದು ಸೂಡು ಹೊರಬಂದಂತೆ, ಸೂಡಿನಿಂದ ಒಂದು ತಂತು. ಮೂರು ಹೊದಿಕೆಗೆ ಮೂರು ಗೆರೆ ಎಳೆದು ಹೆಸರು ಬರೆಯಿರಿ. ಗೆರೆ ಹೊದಿಕೆಯನ್ನೇ ಮುಟ್ಟಬೇಕು, ಪಕ್ಕದ ಖಾಲಿ ಜಾಗವನ್ನಲ್ಲ.

ಕೆಳಗೆ ಸಾರ್ಕೊಮಿಯರ್ ಎರಡು ಸಲ, ಒಂದರ ಕೆಳಗೆ ಒಂದು: ಸಡಿಲವಾದದ್ದು 10 ಸೆಂಟಿಮೀಟರ್, ಬಿಗಿದದ್ದು 8.8. ಪುಟ ಚಿಕ್ಕದಾದರೆ ಎಲ್ಲ ಅಳತೆಯನ್ನೂ ಅರ್ಧ ಮಾಡಿ, ಒಂದನ್ನೇ ಅರ್ಧ ಮಾಡಬೇಡಿ. ಎರಡೂ ಚಿತ್ರದ ಎಂ-ಗೆರೆ ಒಂದೇ ನೇರಕ್ಕೆ ಬರಲಿ. ತೆಗೆದು ಮುಗಿದ ಮೇಲೆ ಎರಡರ ಎ-ಬ್ಯಾಂಡಿನ ಮೇಲೂ ಸ್ಕೇಲು ಇಟ್ಟು ನೋಡಿ, ಅಳತೆ ಒಂದೇ ಇರಬೇಕು. ಬೇರೆ ಬಂದರೆ ಅಳಿಸಿ ತಿದ್ದಬೇಡಿ, ಮತ್ತೆ ನೆಲದ ಮೇಲೆ ಕಡ್ಡಿ ಜೋಡಿಸಿ, ನೂಕಿ, ಆಮೇಲೆ ಹೊಸದಾಗಿ ತೆಗೆಯಿರಿ.